ಗಿಟಾರಿನ ಕುತ್ತಿಗೆಗೆ ಎಣ್ಣೆ

ಸಿಪ್ರಿಯಾನೊ ತನ್ನ ಗಿಟಾರನ್ನು ಅಂಗಡಿಯ ಮೇಜಿನ ಮೇಲೆ ಇಟ್ಟ ರೀತಿಯೇ ಗಿಟಾರ್ ಮಾಡುವ ಕಸಿಲ್ದಾಳಿಗೆ ಸರಿಬರಲಿಲ್ಲ. ನಿದ್ದೆಹೋದ ಮಗುವನ್ನು ಕಂಡವರ ಮನೆಯಲ್ಲಿ ಬಿಟ್ಟುಹೋಗುವವನ ಹಾಗೆ ಇಟ್ಟ.

"ಚೆನ್ನಾಗಿ ತೊಳೆದು ಕೊಡಮ್ಮ. ಊರಿನ ಸಂಗೀತ ಸಂಘಕ್ಕೆ ಕೊಟ್ಬಿಡ್ತೀನಿ."

"ತೊಳೆಯೋಕೆ ಅದೇನು ಬಾಣಲೆನಾ ಮಾಮ? ಭಾನುವಾರ ಆಲಿವ್ ಕೊಯ್ಲಿನ ಕೊನೆ ಊಟ ಇದೆ. ನೀನು ಬಾರಿಸದೆ ಯಾರು ಬಾರಿಸ್ತಾರೆ? ಪಾದ್ರಿನಾ?"

ಮುದುಕ ಎಡಗೈ ಚಾಚಿದ. "ಇದು ಹೋಯ್ತು ಕಣೆ. ಮೇಲಿನ ಸ್ವರದಿಂದ ಕೆಳಕ್ಕೆ ಜಾರು ಅಂದ್ರೆ ಜಾರಲ್ಲ. ಅಲ್ಲಲ್ಲೇ ಹಿಡ್ಕೊಳ್ಳತ್ತೆ. ನಮ್ಮಪ್ಪಂಗೂ ಹೀಗೇ ಶುರುವಾಗಿದ್ದು. ಆಮೇಲೆ ಬಾಯಿಗೆ ಚಮಚ ಇಡೋಕೂ ಅಮ್ಮನೇ ಬೇಕಾಯ್ತು."

"ಡಾಕ್ಟರಿಗೆ ತೋರಿಸಿದ್ಯಾ?"

"ತೋರಿಸಿ ಏನ್ ಕೇಳಿಸ್ಕೊಳ್ಲಿ? ನಿಮ್ಮ ಅತ್ತೆಗೆ ಹೇಳ್ಬೇಡ. ಬಾರಿಸಿ ಬಾರಿಸಿ ಬೇಜಾರಾಯ್ತು ಅಂದಿದೀನಿ."

ಅವನು ಹೋದ ಮೇಲೆ ಕಸಿಲ್ದಾ ಗಿಟಾರನ್ನು ಹತ್ತಿರಕ್ಕೆ ಎಳೆದುಕೊಂಡಳು. ಆ ಗಿಟಾರನ್ನು ಮಾಡಿದವಳು ಅವಳೇ. ಹೋದ ಬೇಸಿಗೆಯಲ್ಲಿ ಅದರ ಕುತ್ತಿಗೆಗೆ ಹೊಸದಾಗಿ ಅರಗಿನ ಪಾಲಿಶ್ ಕೊಟ್ಟವಳೂ ಅವಳೇ. ತಂತಿ ಸಡಿಲಿಸಿ ತೆಗೆದಳು. ಎಡಗೈಯಲ್ಲಿ ಕುತ್ತಿಗೆ ಹಿಡಿದು, ನುಡಿಸುವವರ ಹಾಗೆ ಹೆಬ್ಬೆರಳನ್ನು ಅದರ ಹಿಂಬದಿಯ ಮೇಲೆ ಜಾರಿಸಿದಳು.

ಜಾರಲಿಲ್ಲ.

ಇನ್ನೊಮ್ಮೆ ನೋಡಿದಳು. ಜೇನು ಮುಟ್ಟಿದ ಕೈಯ ಹಾಗೆ ಹೆಬ್ಬೆರಳು ಅಲ್ಲಲ್ಲೇ ಅಂಟಿತು. ಬೆರಳಿಡುವ ಕರಿಮರದ ಪಟ್ಟಿಯ ಮೇಲೆ, ಪ್ರತಿ ಲೋಹದ ಮೆಟ್ಟಿಲಿನ ಬುಡದಲ್ಲೂ, ಕಪ್ಪು ಮಡ್ಡಿ ಕಟ್ಟಿತ್ತು. ಉಗುರಿನಿಂದ ಕೆರೆದು ಮೂಸಿದಳು. ಕಮಟು ಹಿಡಿದ ಆಲಿವ್ ಎಣ್ಣೆ!

"ಯಾವ ಕತ್ತೆ ಕೆಲಸ ಇದು?" ಎಂದು ಖಾಲಿ ಅಂಗಡಿಯಲ್ಲಿ ಕೂಗಿದಳು.

ಕತ್ತೆ ಯಾರೆಂದು ಮರುದಿನ ಬೆಳಿಗ್ಗೆ ಗೊತ್ತಾಯಿತು. ಸಿಪ್ರಿಯಾನೊನ ಹೆಂಡತಿ ತೀಸ್ಕಾರ್ ಬ್ರೆಡ್ಡಿನ ಚೀಲ ಹಿಡಿದು ಬಂದು ಬಾಗಿಲಲ್ಲೇ ನಿಂತಳು.

"ಅವ್ನು ಗಿಟಾರ್ ಕೊಟ್ಬಿಡ್ತಾನಂತೆ. ಬೇಡ ಅಂತ ನೀನಾದ್ರೂ ಹೇಳೇ."

"ಮೊದ್ಲು ನೀನು ಹೇಳು. ಇದಕ್ಕೆ ಎಣ್ಣೆ ಹಚ್ಚಿದ್ದು ಯಾರು?"

ತೀಸ್ಕಾರ್ ಮುಖ ಅರಳಿತು. "ನಾನೇ! ಚಳಿಗೆ ಅವ್ನ ಕೈ ಒಡೆಯತ್ತಲ್ಲ, ದಿನಾ ಸಂಜೆ ಎಣ್ಣೆ ತಿಕ್ತೀನಿ. ಬಟ್ಟಲಲ್ಲಿ ಉಳಿದಿದ್ದನ್ನ ಪಾಪ ಗಿಟಾರಿಗೂ ಹಚ್ತೀನಿ. ನಮ್ಮ ಮರದ್ದೇ, ಮೊದಲ ಸಲ ಹಿಂಡಿದ್ದು."

"ಅತ್ತೆ! ಅದು ಮರ, ಬ್ರೆಡ್ಡಲ್ಲ! ಆ ಎಣ್ಣೆ ಒಣಗೋದೇ ಇಲ್ಲ, ಧೂಳು ಬೆವರು ಎಲ್ಲಾ ಕುಡಿದು ಗೋಂದಾಗತ್ತೆ. ಕೈ ಹೆಂಗೆ ಜಾರ್ಬೇಕು?"

ಮುದುಕಿಯ ಕೈಯಿಂದ ಚೀಲ ನಿಧಾನವಾಗಿ ಮೇಜಿನ ಮೇಲೆ ಇಳಿಯಿತು.

"ಹಾಗಾದ್ರೆ... ಅವ್ನ ಕೈಗೆ ಏನೂ ಆಗಿಲ್ವಾ?"

ಕಸಿಲ್ದಾ ನಾಲಿಗೆ ಕಚ್ಚಿಕೊಂಡಳು. "ಕೈ ವಿಷಯ ನಿಂಗೆ ಯಾರು ಹೇಳಿದ್ರು?"

"ಊಟಕ್ಕೆ ಕೂತಾಗ ಮೇಜಿನ ಕೆಳಗೆ ಬೆರಳು ಮಡಚಿ ಮಡಚಿ ನೋಡ್ಕೋತಾನೆ. ನಾನೇನು ಕುರುಡಿನಾ? ಕೈ ಹಿಡ್ಕೊಳ್ತಿದೆ ಅಂತ ಗೊತ್ತಾಗಿ ತಾನೇ ಇನ್ನೂ ಜಾಸ್ತಿ ಹಚ್ಚಿದ್ದು. ಕೈಗೂ, ಅದಕ್ಕೂ." ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಸ್ಟೂಲಿನ ಮೇಲೆ ಕುಸಿದು ಕೂತಳು. "ನಾನೇ ಅವ್ನ ಕೈ ಕಟ್ಟಿಹಾಕಿದ್ನಲ್ಲೇ! ಅವ್ನಿಗೆ ಹೇಳ್ಬೇಡ."

"ಬೈತಾನಾ?"

"ಬೈದಿದ್ರೆ ತಡ್ಕೋಬಹುದಿತ್ತು. ಬೈಯಲ್ಲ. ಅದೇ ಕಷ್ಟ."

ಅವಳನ್ನು ಕಳಿಸಿ ಕಸಿಲ್ದಾ ತೋಳು ಮಡಚಿದಳು. ಮರದ ಸಣ್ಣ ಚಕ್ಕೆಯಿಂದ ಮೆಟ್ಟಿಲುಗಳ ಬುಡದ ಮಡ್ಡಿ ಎಬ್ಬಿಸಿದಳು. ಸಿಗರೇಟ್ ಲೈಟರಿಗೆ ಹಾಕುವ ಪೆಟ್ರೋಲನ್ನು ಬಟ್ಟೆಗೆ ಮುಟ್ಟಿಸಿ, ಬಟ್ಟೆ ಬೆಳ್ಳಗೆ ಬರುವ ತನಕ ಕುತ್ತಿಗೆ ಒರೆಸಿದಳು. ಸ್ಪಿರಿಟ್ ಹತ್ತಿರ ತರಲಿಲ್ಲ, ಅದು ಅರಗನ್ನೇ ತಿಂದುಬಿಡುತ್ತದೆ. ಕರಿಮರವನ್ನು ಹೂವಿನಂಥ ಉಕ್ಕಿನ ನಾರಿನಿಂದ ಮರದ ಎಳೆಗಳ ಗುಂಟ ಮೆಲ್ಲಗೆ ಉಜ್ಜಿದಳು. ಕೊನೆಗೆ ಆ ಪಟ್ಟಿಗೆ ಮಾತ್ರ ತನ್ನ ಸೀಸೆಯಿಂದ, ಅಂಟದೆ ಒಣಗುವ ಎಣ್ಣೆ ನಾಲ್ಕು ಹನಿ ಹಾಕಿ, ಕುಡಿಯುವಷ್ಟು ಕುಡಿಯಲಿ ಎಂದು ಬಿಟ್ಟು, ಉಳಿದಿದ್ದನ್ನು ಚೊಕ್ಕವಾಗಿ ಒರೆಸಿದಳು. ಬೂದಿ ಬಣ್ಣಕ್ಕೆ ತಿರುಗಿದ್ದ ಮರ ಮತ್ತೆ ಕಪ್ಪಾಯಿತು. ತಂತಿಗಳನ್ನು ಮತ್ತೆ ಬಿಗಿದಳು. ಕೈ ಕೆಲಸ ಮಾಡುತ್ತಿತ್ತು, ತಲೆ ಸುಳ್ಳೊಂದನ್ನು ಹುಡುಕುತ್ತಿತ್ತು.

ಶನಿವಾರ ಸಿಪ್ರಿಯಾನೊ ಬಂದ. ಬಟ್ಟೆ ಸುತ್ತಿ ಕೊಡು, ಹೀಗೇ ಸಂಘಕ್ಕೆ ಒಯ್ಯುತ್ತೇನೆ ಎಂದ.

"ಬಾರಿಸಿ ನೋಡದೆ ನನ್ನ ಅಂಗಡಿಯಿಂದ ಯಾವ ಗಿಟಾರೂ ಹೊರಗೆ ಹೋಗಲ್ಲ. ಕೂತ್ಕೋ!"

ಅವನು ಕೂತ. ಮನಸ್ಸಿಲ್ಲದೆ ಒಂದು ಸ್ವರ ಹಿಡಿದ, ಕೈಯನ್ನು ಕೆಳಕ್ಕೆ ಎಳೆದ. ಕೈ ಅವನು ಕೇಳಿದ್ದಕ್ಕಿಂತ ಮುಂದೆ ಓಡಿಹೋಯಿತು. ಬೆಚ್ಚಿ ನಿಲ್ಲಿಸಿದ. ಮತ್ತೆ ಎಳೆದ. ಆಮೇಲೆ ಯಾರನ್ನೂ ಕೇಳಲಿಲ್ಲ, ತಲೆ ತಗ್ಗಿಸಿ ನುಡಿಸುತ್ತಲೇ ಹೋದ. ಕಸಿಲ್ದಾ ಬೆನ್ನು ತಿರುಗಿಸಿ ಸುಮ್ಮನೆ ಉಳಿಗಳನ್ನು ಜೋಡಿಸಿದಳು.

"ಏನಾಗಿತ್ತೇ ಇದಕ್ಕೆ?" ಅವನ ದನಿ ಒದ್ದೆಯಾಗಿತ್ತು.

ಅವಳ ಬಾಯಿಂದ 'ತಪ್ಪು ನಂದು' ಎಂಬ ಮಾತನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಹಲ್ಲು ಕೀಳಿಸಿಕೊಳ್ಳುವವಳಂತೆ ಹೇಳಿದಳು. "ನನ್ನ ಪಾಲಿಶ್ ಕೆಟ್ಟಿತ್ತು ಮಾಮ. ಸರಿಯಾಗಿ ಒಣಗಿರ್ಲಿಲ್ಲ. ತಪ್ಪು ನಂದು."

ಮುದುಕ ಹೋ ಎಂದು ನಕ್ಕ. "ಕಸಿಲ್ದಾಳ ಪಾಲಿಶ್ ಕೆಟ್ಟಿತ್ತಾ! ಇದನ್ನ ನಾಳೆ ಊರಿಗೆಲ್ಲ ಹೇಳ್ತೀನಿ." ನಗುತ್ತಲೇ ಗಿಟಾರನ್ನು ಮುಖದ ಹತ್ತಿರ ಎತ್ತಿದವನು ತಟ್ಟನೆ ನಗು ನಿಲ್ಲಿಸಿದ. ಕುತ್ತಿಗೆಯನ್ನು ಮೂಸಿದ. ತನ್ನ ಕೈಯನ್ನು ಮೂಸಿದ. ಮತ್ತೆ ಕುತ್ತಿಗೆಯನ್ನು.

"ಇದರ ಎಣ್ಣೆ ವಾಸನೆ ಎಲ್ಲಿ ಹೋಯ್ತು? ನನ್ನ ಕೈ ವಾಸನೆನೇ ಇದಕ್ಕೂ ಹತ್ತಿದೆ ಅಂದ್ಕೊಂಡಿದ್ದೆ."

ಕಸಿಲ್ದಾ ಜೋಡಿಸಿದ್ದ ಉಳಿಗಳನ್ನೇ ಮತ್ತೆ ಜೋಡಿಸತೊಡಗಿದಳು. ಅವನು ಒತ್ತಿ ಕೇಳಲಿಲ್ಲ. ಮೇಜಿನ ಮೇಲಿದ್ದ ಎಣ್ಣೆ ಸೀಸೆ ತೋರಿಸಿದ.

"ಇದರಲ್ಲಿ ಒಂದಿಷ್ಟು ನಿಮ್ಮ ಅತ್ತೆಗೆ ಕೊಡು. ನಾನು ಕೊಟ್ರೆ ನಂಗೆ ತಿಳಿದಿದ್ದು ಅವಳಿಗೆ ಗೊತ್ತಾಗ್ಬಿಡತ್ತೆ. ಕರಿಮರಕ್ಕೆ ಮಾತ್ರ, ವರ್ಷಕ್ಕೆ ಒಂದೆರಡು ಸಲ ಅಂತ ನೀನೇ ಹೇಳು."

"ಮಿಕ್ಕ ದಿನ ಅವಳ ಕೈ ಸುಮ್ನಿರ್ಬೇಕಲ್ಲ?"

"ಮಿಕ್ಕ ದಿನಕ್ಕೆ ನನ್ನ ಕೈ ಇಲ್ವಾ? ಒರೆಸ್ಕೊಂಡೇ ಗಿಟಾರ್ ಮುಟ್ತೀನಿ ಬಿಡು."

ಭಾನುವಾರ ಮರಗಳ ಕೆಳಗೆ ಊಟ. ಸಿಪ್ರಿಯಾನೊ ನುಡಿಸಿದ, ನಡುನಡುವೆ ಕೆಟ್ಟ ಪಾಲಿಶ್ ಕಥೆಗೆ ಬಣ್ಣ ಹಚ್ಚಿ ಹೇಳಿದ. "ಕಸಿಲ್ದಾ, ನಮ್ಮನೆ ಬಾಗಿಲಿಗೂ ನಿನ್ನ ಪಾಲಿಶ್ ಹಚ್ಚೇ, ಕಳ್ಳ ಬಂದ್ರೆ ಅಂಟ್ಕೊಳ್ಳಿ!" ಎಂದು ಯಾರೋ ಕೂಗಿದರು. ಬೇರೆ ದಿನವಾಗಿದ್ದರೆ ಅವಳ ಕೈಯಲ್ಲಿದ್ದ ತಟ್ಟೆ ಹಾರುತ್ತಿತ್ತು. ಕಿವಿ ಕೆಂಪಾಯಿತು, ಆದರೂ ತುತ್ತಿನ ಜೊತೆ ಆ ಮಾತನ್ನೂ ನುಂಗಿಕೊಂಡಳು.

ತೀಸ್ಕಾರ್ ಪಕ್ಕಕ್ಕೆ ಬಂದು ಕೂತಳು. ಬ್ರೆಡ್ಡಿನ ತುದಿ ಮುರಿದು, ತಿರುಳಿನಲ್ಲಿ ಗುಳಿ ತೋಡಿ, ಕಸಿಲ್ದಾಳ ಕೈಗಿಟ್ಟು, ಹೊಸ ಎಣ್ಣೆ ಸುರಿದಳು. ಗುಳಿ ತುಂಬಿತು, ಅಂಚು ದಾಟಿತು, ಕಸಿಲ್ದಾಳ ಮಣಿಕಟ್ಟಿನ ಮೇಲೆ ಇಳಿಯಿತು. ಮುದುಕಿ ಇನ್ನೂ ಸುರಿಯುತ್ತಲೇ ಇದ್ದಳು.

"ಸಾಕು ಅತ್ತೆ," ಎಂದಳು ಕಸಿಲ್ದಾ. ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.