ವೇನ್ ಅಂದ್ರ ಏನ್ರಿ

ಪೀರನವಾಡಿಯ ಹೈಸ್ಕೂಲಿನಲ್ಲಿ ರಾಜಮತಿ ಇಂಗ್ಲಿಷ್ ಕಲಿಸುತ್ತಿದ್ದಳು. ಒಂದು ಮಧ್ಯಾಹ್ನ ಶಾಲೆಯ ಜವಾನ ಬಂಡೆಪ್ಪ ಬಂದು ಅವಳ ಮುಂದೆ ಚೀಟಿಯೊಂದನ್ನು ಇಟ್ಟ. ಅವನ ಹೆಂಡತಿ ಕಾಶವ್ವನ ಕಣ್ಣು ನೋಡಿದ ಖಾನಾಪುರದ ಡಾಕ್ಟರು ಬೆಳಗಾವಿಯ ದೊಡ್ಡಾಸ್ಪತ್ರೆಗೆಂದು ಕಾಗದ ಬರೆದುಕೊಟ್ಟಿದ್ದರು. ಅದರಲ್ಲಿ ತಿಳಿಯದ ಒಂದು ಶಬ್ದವನ್ನು ಬಂಡೆಪ್ಪ ಅಕ್ಷರ ಅಕ್ಷರ ನೋಡಿ ಇಳಿಸಿಕೊಂಡಿದ್ದ. ಡಬ್ಲ್ಯೂ, ಎ, ಎನ್, ಇ, ವೇನ್.

"ಅಕ್ಕಾರ, ಇದರ ಅರ್ಥ ಏನ್ರಿ?"

ಉತ್ತರಪತ್ರಿಕೆ ತಿದ್ದುವ ಗಡಿಬಿಡಿಯಲ್ಲಿದ್ದ ರಾಜಮತಿ ತಲೆ ಎತ್ತಲಿಲ್ಲ. ಯಾಕೆ ಕೇಳುತ್ತಿದ್ದಾನೆಂದೂ ವಿಚಾರಿಸಲಿಲ್ಲ. ದಿನಾ ಸ್ವಲ್ಪ ಸ್ವಲ್ಪ ಕಡಿಮೆಯಾಗುವುದು, ಹುಣ್ಣಿಮೆ ಕಳೆದ ಮೇಲೆ ಚಂದ್ರ ಸಣ್ಣದಾಗುತ್ತಾನಲ್ಲ ಹಾಗೆ, ಎಂದು ಮಕ್ಕಳಿಗೆ ಹೇಳುವಂತೆ ಹೇಳಿಬಿಟ್ಟಳು.

"ಚಂದ್ರಾಮ ಮತ್ತ ತುಂಬತಾನಲ್ರಿ," ಎಂದ ಬಂಡೆಪ್ಪ.

"ಹೂಂ, ತುಂಬತಾನ," ಎಂದಳು.

ತಿಂಗಳೊಪ್ಪತ್ತು ಕಳೆದಿತ್ತು. ಕಾಶವ್ವನ ಕಣ್ಣು ಸರಿಯಿಲ್ಲವೆಂದು ಯಾರೋ ಅಂದದ್ದು ಕಿವಿಗೆ ಬಿದ್ದು ರಾಜಮತಿ ಬಂಡೆಪ್ಪನನ್ನೇ ಕರೆದು ಕೇಳಿದಳು. ಆಸ್ಪತ್ರೆಗೆ ಹೋಗಿಲ್ಲವೆಂದ. ನೀವೇ ಹೇಳಿದಿರಲ್ಲ, ದೃಷ್ಟಿ ಮತ್ತೆ ತುಂಬುವ ದಾರಿ ಕಾಯುತ್ತಿದ್ದೇವೆ ಎಂದ. ಚೀಟಿಯ ಶಬ್ದ ಎಲ್ಲಿಯದೆಂದು ಅವಳಿಗೆ ತಿಳಿದದ್ದು ಆಗಲೇ.

ಆ ಸಂಜೆಯೇ ಅವನ ಜೊತೆ ಖಾನಾಪುರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಅವನ ಊರು ಬೀಡಿಗೆ ಬಂದಳು. ಕಾಶವ್ವ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಹರಳನ್ನು ಕಣ್ಣಿನಿಂದಲ್ಲ, ಬೆರಳಿನಿಂದ ಹುಡುಕುತ್ತಿದ್ದಳು. ರಾಜಮತಿ ಅವಳ ಬಾಜು ಕುಳಿತು ಎಲ್ಲವನ್ನೂ ಹೇಳಿದಳು. ಆ ಶಬ್ದಕ್ಕೆ ಕುಂದುವುದು ಎಂದಷ್ಟೇ ಅರ್ಥ, ಮರಳಿ ಬರುವುದು ಚಂದ್ರನ ಪಾಡು, ಕಣ್ಣಿನದಲ್ಲ, ತಪ್ಪು ತನ್ನದು ಎಂದಳು. ಬಂಡೆಪ್ಪ ಹಿತ್ತಲಿಗೆ ಎದ್ದುಹೋದ.

"ನನಗ ಗೊತ್ತಿತ್ರಿ ಅಕ್ಕಾರ," ಎಂದಳು ಕಾಶವ್ವ, ದನಿ ತಗ್ಗಿಸಿ. "ನನ್ನ ಕಣ್ಣು ನನಗ ತಿಳಿಯೂದಿಲ್ಲೇನ್ರಿ? ಆದ್ರ ಚಂದ್ರಾಮನ ಮಾತು ಕೇಳಿ ಬಂದ ದಿನ ಇವರು ಎಷ್ಟೋ ದಿನದ ಮ್ಯಾಲ ಹೊಟ್ಟಿತುಂಬ ಉಂಡ್ರು. ಹೆಂಗ ಬ್ಯಾಡ ಅನ್ನೂದು? ಸುಮ್ಮನಾದ್ನಿ."

ಮರುದಿನ ಮೂವರೂ ಬೆಳಗಾವಿಗೆ ಹೋದರು. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿನಲ್ಲಿ ಉಳಿದಷ್ಟನ್ನು ಔಷಧಿಯಿಂದ ಹಿಡಿದಿಡಲು ನೋಡಬಹುದು ಎಂದರು ಡಾಕ್ಟರು. ತಿಂಗಳ ಹಿಂದೆ ಬಂದಿದ್ದರೆ ಎಂದು ರಾಜಮತಿ ಕೇಳಿದಳು. ಡಾಕ್ಟರು ಕಾಶವ್ವನತ್ತ ನೋಡಿ, ಹನಿ ಹಾಕುವುದನ್ನು ಮಾತ್ರ ತಪ್ಪಿಸಬೇಡಿ ಎಂದರು.

ಬಂಡೆಪ್ಪ ರಾಜಮತಿಯನ್ನು ಒಮ್ಮೆಯೂ ದೂರಲಿಲ್ಲ. ಈಗಲೂ ನಡುವಿನ ಬಿಡುವಿನಲ್ಲಿ ಅವಳ ಮೇಜಿಗೆ ಚಹಾ ತಂದಿಡುತ್ತಾನೆ. ಕಾಶವ್ವ ಹೇಗಿದ್ದಾಳೆಂದು ಅವಳು ಕೇಳುತ್ತಾಳೆ. "ಅದಾಳ್ರಿ," ಎನ್ನುತ್ತಾನೆ. ಅದಕ್ಕಿಂತ ಹೆಚ್ಚು ಅವನೂ ಹೇಳುವುದಿಲ್ಲ, ಅವಳಿಗೂ ಕೇಳುವ ಧೈರ್ಯವಾಗುವುದಿಲ್ಲ.