ಎರಡು ಚೌಕಗಳ ನಡುವಿನ ಬೀಗ

ಅವಳು ಹೆಂಗಸರ ಸಲೂನ್ ನಡೆಸುತ್ತಿದ್ದಳು. ಓದು ಅಂದರೆ ಪೇಪರಿನ ತಲೆಬರಹ, ಕೂದಲ ಬಣ್ಣದ ಡಬ್ಬಿಯ ಮೇಲಿನ ಎಚ್ಚರಿಕೆ, ಅಷ್ಟೇ. ಚಿತ್ರದ ಪುಸ್ತಕಗಳಿರುವುದು ಹಟ ಹಿಡಿದ ಮಕ್ಕಳ ಬಾಯಿ ಮುಚ್ಚಿಸಲು ಎಂದೇ ತಿಳಿದಿದ್ದಳು. ಅಂಥವಳು ತಲೆ ನರೆಯುವ ಕಾಲಕ್ಕೆ ಕಾಮಿಕ್ಸ್ ಹಿಡಿದು ಕೂತದ್ದು ಹಲ್ಲು ಕಡಿದುಕೊಂಡೇ.

ಕುರ್ಚಿಯಲ್ಲಿ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ಕನ್ನಡಿಯಲ್ಲಿ ಅವಳನ್ನು ನೋಡಿ ನೋಡಿ ನಗು ತಡೆಯುತ್ತಿದ್ದಳು.

"ಏನಮ್ಮ, ನನ್ನ ಮುಖದ ಮೇಲೆ ಕೋತಿ ಕುಣೀತಿದೆಯಾ?"

"ಬೇಜಾರು ಮಾಡ್ಕೋಬೇಡಿ ಆಂಟಿ. ನೀವು ಥೇಟ್ ಕತ್ತರಿಯಕ್ಕನ ಥರಾನೇ ಇದೀರ."

ಹುಡುಗಿ ಬ್ಯಾಗಿನಿಂದ ಪುಸ್ತಕ ತೆಗೆದು ತೋರಿಸಿದಳು. ಪುಟದ ತುಂಬ ಒಬ್ಬ ದಢೂತಿ ಹೆಂಗಸು. ಗಲ್ಲದ ಮೇಲೆ ಮಚ್ಚೆ, ಎತ್ತಿ ಕಟ್ಟಿದ ತುರುಬಿನಲ್ಲಿ ಸಿಕ್ಕಿಸಿದ ಬಾಚಣಿಗೆ, ಸೊಂಟದಲ್ಲಿ ನೇತಾಡುವ ಕತ್ತರಿ. ಅವಳು ತಲೆಯೆತ್ತಿ ಕನ್ನಡಿ ನೋಡಿಕೊಂಡಳು. ಮಚ್ಚೆ, ಬಾಚಣಿಗೆ, ಕತ್ತರಿ, ಎಲ್ಲ ಅಲ್ಲಲ್ಲೇ ಇದ್ದವು. ಪುಸ್ತಕದ ರಕ್ಷಾಪುಟ ತಿರುಗಿಸಿದಳು. ಬರೆದವನ ಹೆಸರನ್ನು ಅವಳು ಹಿಂದೊಮ್ಮೆ ತಂಗಿಯ ಲಗ್ನಪತ್ರಿಕೆಯಲ್ಲಿ ಓದಿದ್ದಳು.

"ಇವಳು ಒಳ್ಳೆಯವಳಾ, ಕೆಟ್ಟವಳಾ?"

"ಅಯ್ಯೋ, ಇವಳೇ ವಿಲನ್ನು. ಹೀರೋನ ಸಂಸಾರ ಮುರಿಯೋಳೇ ಇವಳು."

ಅವಳು ಪುಸ್ತಕ ಮುಚ್ಚಿ ಕೊಟ್ಟಳು. ಹುಡುಗಿಯ ಮುಂಗೂದಲನ್ನು ಒಂದೆಳೆ ಹೆಚ್ಚುಕಮ್ಮಿಯಾಗದಂತೆ ಕತ್ತರಿಸಿ ಕಳಿಸಿದಳು. ಆಮೇಲೆ ಬಾಗಿಲಿಗೆ ಬೀಗ ಜಡಿದು ನೆಟ್ಟಗೆ ಕಾಮಿಕ್ಸ್ ಅಂಗಡಿಗೆ ನಡೆದಳು.

ಅಂಗಡಿಯವನು ಬೆನ್ನ ಮೇಲೆ ಜುಟ್ಟು ಇಳಿಬಿಟ್ಟಿದ್ದ. ತುದಿಯೆಲ್ಲ ಸೀಳಿದ್ದದ್ದು ಅವಳ ಕಣ್ಣಿಗೆ ಮೊದಲು ಬಿತ್ತು. ಅವಳು ಕೇಳಿದ ಕಾಮಿಕ್ಸಿನ ಎಲ್ಲ ಭಾಗಗಳನ್ನೂ ಅವನು ಎತ್ತಿಕೊಟ್ಟ. ಅಲ್ಲೇ ಸ್ಟೂಲಿನ ಮೇಲೆ ಕೂತು ಓದತೊಡಗಿದವಳಿಗೆ ತಲೆಬುಡ ಹತ್ತಲಿಲ್ಲ.

"ನೀವು ಬರೀ ಮಾತು ಓದ್ತಿದೀರಮ್ಮ," ಎಂದ ಜುಟ್ಟಿನವನು. "ಚಿತ್ರಾನೂ ಓದಬೇಕು. ಮೊದಲು ಬೇರೆ ಯಾವುದಾದ್ರೂ ಓದಿ ಅಭ್ಯಾಸ ಮಾಡ್ಕೊಳ್ಳಿ. ಇದು ತಗೊಳ್ಳಿ, ಮಂಗಾ."

"ಯಾರಿಗೆ ಮಂಗ ಅಂತೀಯಪ್ಪ?"

"ಮಂಗ ಅಲ್ಲಮ್ಮ, ಮಂಗಾ. ಜಪಾನಿನ ಕಾಮಿಕ್ಸು."

ಆ ಪುಸ್ತಕದಲ್ಲಿ ಕತ್ತಿ ಹಿಡಿದ ಒಬ್ಬ ವಿಧವೆ ಗಂಡನನ್ನು ಕೊಂದವರನ್ನು ಹುಡುಕಿಕೊಂಡು ಹೊರಟಿದ್ದಳು. ಆದರೆ ಮೊದಲ ಪುಟದಲ್ಲೇ ಎಲ್ಲರೂ ಸತ್ತು ಬಿದ್ದಿದ್ದರು, ಆಮೇಲೆ ಒಬ್ಬೊಬ್ಬರಾಗಿ ಎದ್ದು ಜಗಳಕ್ಕೆ ನಿಂತರು. ಮಾರನೇ ದಿನ ದೂರು ಹೇಳಲು ಹೋದಾಗ, ಅದನ್ನು ಬಲದಿಂದ ಎಡಕ್ಕೆ ಓದಬೇಕು, ಕೊನೆಯ ಪುಟವೇ ಮೊದಲು ಎಂದು ಜುಟ್ಟಿನವನು ತಿರುಗಿಸಿ ಕೊಟ್ಟ.

ಅಲ್ಲಿಂದ ಅವಳಿಗೆ ಹುಚ್ಚು ಹಿಡಿಯಿತು. ಗಿರಾಕಿಗಳ ತಲೆಗೆ ಬಣ್ಣ ಹಚ್ಚಿ, ಅದು ಒಣಗುವವರೆಗೆ ಪುಟ ಮಗುಚುತ್ತಿದ್ದಳು. ಒಬ್ಬಾಕೆಯ ಕೂದಲು ಕಪ್ಪಾಗಬೇಕಾದದ್ದು ನೇರಳೆಯಾದದ್ದೂ ಆಗಲೇ. ವಿಧವೆ ಕತ್ತಿ ಎತ್ತಿದರೆ ಒಂದು ಚೌಕ, ಹಗೆಯವನ ಟೋಪಿ ನೆಲಕ್ಕೆ ಬಿದ್ದರೆ ಇನ್ನೊಂದು ಚೌಕ. ಕತ್ತಿ ಬೀಸಿದ್ದು ಎಲ್ಲಿಯೂ ಇಲ್ಲ.

"ಅದು ಈ ಬಿಳಿ ಸಂದಿಯಲ್ಲಿ ನಡೆದುಹೋಗುತ್ತೆ," ಎಂದು ಜುಟ್ಟಿನವನು ಚೌಕಗಳ ನಡುವೆ ಬೆರಳಾಡಿಸಿದ. "ಅಲ್ಲಿರೋದನ್ನ ಓದೋರೇ ತುಂಬ್ಕೋಬೇಕು."

ಆಮೇಲೆ ಅವಳು ಮತ್ತೆ ತಂಗಿಯ ಗಂಡನ ಪುಸ್ತಕ ತೆರೆದಳು. ಈಗ ಎಲ್ಲ ಕಾಣಿಸಿತು. ಒಂದು ಚೌಕದಲ್ಲಿ ಹೀರೋ ಮಲಗಿದ್ದ ಹೆಂಡತಿಯ ಹಣೆ ಸವರಿ ಕೆಲಸಕ್ಕೆ ಹೊರಟಿದ್ದ. ಮುಂದಿನ ಚೌಕದಲ್ಲಿ ಕತ್ತರಿಯಕ್ಕ ಆ ಮನೆಯ ಬೀಗ ಒಡೆಯುತ್ತಿದ್ದಳು, ಕಣ್ಣಲ್ಲಿ ಕೆಂಡ. ನಡುವೆ ಬೆರಳಗಲದ ಬಿಳಿ.

ಆ ಬಿಳಿಯಲ್ಲಿ ಏನಿತ್ತೆಂದು ಅವಳಿಗೆ ಗೊತ್ತಿತ್ತು. ಹೊಟ್ಟೆಯ ಆಪರೇಷನ್ ಆಗಿ ಏಳಲಾರದೆ ಮಲಗಿದ್ದ ತಂಗಿಯನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ, ಬೀಗದಕೈ ಜೇಬಿಗಿಳಿಸಿ ಅವನು ಊರು ಬಿಟ್ಟಿದ್ದ. ಮತ್ತೆ ಬರಲೇ ಇಲ್ಲ. ಪಕ್ಕದ ಮನೆಯವರು ನರಳಾಟ ಕೇಳಿ ಫೋನು ಮಾಡಿದ್ದರು. ಇವಳು ಓಡಿಹೋಗಿ ಬೀಗ ಒಡೆದಾಗ ತಂಗಿ ನೀರಿನ ಕೊಡದ ಕಡೆಗೆ ತೆವಳುತ್ತ ಅರ್ಧ ದಾರಿಯಲ್ಲಿ ಬಿದ್ದಿದ್ದಳು.

ಹೊಸ ಭಾಗದ ಬಿಡುಗಡೆಗೆ ಅವನು ಅದೇ ಅಂಗಡಿಗೆ ಬರುತ್ತಾನೆಂದು ಗೋಡೆಗೆ ಚೀಟಿ ಅಂಟಿಸಿದ್ದರು. ಸಹಿ ಹಾಕುತ್ತಾನಂತೆ, ಕೇಳಿದವರಿಗೆ ಬೇಕಾದ ಚಿತ್ರವನ್ನೂ ಬಿಡಿಸಿಕೊಡುತ್ತಾನಂತೆ. ಆ ದಿನ ಮಧ್ಯಾಹ್ನ ಅವಳು ತುರುಬು ಎತ್ತಿ ಕಟ್ಟಿ, ಬಾಚಣಿಗೆ ಸಿಕ್ಕಿಸಿ, ಕತ್ತರಿ ನೇತುಹಾಕಿಕೊಂಡು ಸಾಲಿನಲ್ಲಿ ನಿಂತಳು. ಹುಡುಗ ಹುಡುಗಿಯರು ಮುತ್ತಿಕೊಂಡರು.

"ಆಂಟಿ, ವೇಷ ಸೂಪರ್. ಒಂದು ಫೋಟೋ."

"ತಗೊಳ್ರಪ್ಪ. ವೀಡಿಯೋನೂ ತಗೊಳ್ಳಿ. ಕೊನೇತನಕ ನಿಲ್ಲಿಸಬೇಡಿ."

ಅವಳ ಸರದಿ ಬಂತು. ತಲೆತಗ್ಗಿಸಿ ಸಹಿ ಹಾಕುತ್ತಿದ್ದವನು ಮೊದಲು ಕತ್ತರಿ ನೋಡಿದ, ಆಮೇಲೆ ಮಚ್ಚೆ. ಮುಖದ ರಕ್ತವೆಲ್ಲ ಇಳಿದುಹೋಯಿತು.

"ಅಕ್ಕ..."

"ಗುರುತು ಸಿಕ್ತಲ್ಲ, ಸಂತೋಷ. ನನಗೊಂದು ಚೌಕ ಬರೆದುಕೊಡು." ಅವಳು ಪುಟ ತೆರೆದು ಬಿಳಿ ಸಂದಿಯ ಮೇಲೆ ಬೆರಳೂರಿದಳು. "ನಾನು ಒಡೆದ ಬೀಗಾನ ಹಾಕಿದ್ದು ಯಾರು? ಆ ಕೈ ಬರಿ. ಆಪರೇಷನ್ ಆಗಿ ಮಲಗಿದ್ದ ಹೆಂಡತೀನ ಒಳಗಿಟ್ಟು ಬೀಗ ಹಾಕಿತಲ್ಲ, ಆ ಕೈ."

"ಇದು ಕತೆ ಅಕ್ಕ. ಬರೀ ಕತೆ."

"ಕತೆ ಅಂದಮೇಲೆ ಹೆದರಿಕೆ ಯಾಕೆ? ಬರಿ. ನಾನು ಕಾಯ್ತೀನಿ."

ಸಾಲಿನಲ್ಲಿ ಫೋನುಗಳು ಇನ್ನಷ್ಟು ಮೇಲೆದ್ದವು. ಅವನು ಪೆನ್ನು ಹಿಡಿದು ಬಾಗಿಲು ಬರೆದ, ಚಿಲಕ ಬರೆದ, ಬೀಗ ಬರೆದ. ಅಲ್ಲಿಗೆ ನಿಂತ. ಹಣೆಯ ಬೆವರು ಬೀಗದ ಮೇಲೆ ತೊಟ್ಟಿಕ್ಕಿ ಶಾಯಿ ಹರಡಿತು.

"ಸರ್, ಯಾರು ಸರ್ ಹಾಕಿದ್ದು?" ಹಿಂದಿನಿಂದ ಒಂದು ಹುಡುಗಿಯ ದನಿ ಬಂತು. ಸಲೂನಿಗೆ ಬಂದಿದ್ದವಳೇ. ಅವನು ಪೆನ್ನಿಗೆ ಮುಚ್ಚಳ ಹಾಕಿ ಎದ್ದ. ಹುಡುಗಿ ಮುಂದೆ ಬಂದು, ಸಹಿಗೆಂದು ತಂದಿದ್ದ ಪುಸ್ತಕವನ್ನು ಮೇಜಿನ ಮೇಲೆ ಮಗುಚಿಟ್ಟು ಹೊರನಡೆದಳು. ಅವಳ ಹಿಂದೆ ಇನ್ನೊಬ್ಬಳು. ಅವನು ಗೋದಾಮಿನ ಬಾಗಿಲಿನಿಂದ ಜಾರಿಕೊಂಡ.

ವಾರ ಕಳೆಯುವುದರೊಳಗೆ ಆ ವೀಡಿಯೋ ನೋಡದವರೇ ಇರಲಿಲ್ಲ. ಓದುಗರು ಆ ಚೌಕವನ್ನು ತಾವೇ ಬರೆದು ಕಳಿಸತೊಡಗಿದರು. ಎಲ್ಲದರಲ್ಲೂ ಬೀಗದ ಮೇಲಿದ್ದದ್ದು ಹೀರೋನ ಕೈ. ಪ್ರಕಾಶಕರು ಮುಂದಿನ ಭಾಗವನ್ನು ಸದ್ದಿಲ್ಲದೆ ಕೈಬಿಟ್ಟರು.

ಇಷ್ಟೆಲ್ಲ ನಡೆದದ್ದು ತಂಗಿಗೆ ತಿಳಿದದ್ದು ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ, ಯಾರದೋ ಫೋನಿನಲ್ಲಿ. ಸಂಜೆ ನೇರ ಸಲೂನಿಗೆ ಬಂದು, ಗಿರಾಕಿಗಳ ಕುರ್ಚಿಯಲ್ಲೇ ಕೂತಳು. ನನ್ನನ್ನೊಂದು ಮಾತು ಕೇಳದೆ ಊರಿಗೆಲ್ಲ ಡಂಗುರ ಹೊಡೆದೆಯಲ್ಲ ಎಂದು ರೇಗುತ್ತಾಳೆ ಎಂದುಕೊಂಡು ಅಕ್ಕ ಅವಳ ಜಡೆ ಬಿಚ್ಚತೊಡಗಿದಳು.

"ವೀಡಿಯೋದಲ್ಲಿ ಅವನ ಮುಖ ಸರಿಯಾಗಿ ಕಾಣಲ್ಲ," ಎಂದಳು ತಂಗಿ. "ಯಾರದೋ ತಲೆ ಅಡ್ಡ ಬಂದಿದೆ. ಹೇಗಾಗಿತ್ತು?"

"ಸುಣ್ಣ ಬಳಿದ ಗೋಡೆ ಹಾಗೆ."

"ತುಟಿ?"

"ಒಣಗಿ ಹೋಗಿತ್ತು. ನೀರು ಬೇಕು ಅಂದ. ಯಾರೂ ತಂದುಕೊಡಲಿಲ್ಲ."

ತಂಗಿ ಕಣ್ಣು ಮುಚ್ಚಿ ತಲೆಯನ್ನು ಹಿಂದಕ್ಕೆ ಒರಗಿಸಿದಳು.

"ಮೊದಲಿಂದ ಹೇಳಕ್ಕ," ಎಂದಳು. "ನಿಧಾನವಾಗಿ ಹೇಳು."