ಅಂಗಳಕ್ಕೆ ಬಂದ ಭಾವನ ದನಿ

ಶರ್ಮಿಳಾ ಬಚ್ಚಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಅಂಗಳದಿಂದ ಸುಧಾಕರ ಭಾವನ ದನಿ ಕೇಳಿಸಿತು.

"ಹ್ವಾಯ್! ಯಾರದ್ದ್? ಕಾಯಿ ಕೆಳ್ಗ್ ಇಡಿ!"

ಗಂಡನ ಅಣ್ಣ, ಮುಂಬಯಿಯಲ್ಲಿ ಹೋಟೆಲು ನಡೆಸುವ ಭಾವ, ಹೇಳದೆ ಕೇಳದೆ ಗುಲ್ವಾಡಿಗೆ ಬಂದುಬಿಟ್ಟರೇ? ಒದ್ದೆ ಕೈಯಲ್ಲೇ ಸೆರಗು ಸರಿಮಾಡಿಕೊಂಡು ಹೊರಗೆ ಓಡಿದಳು. ಅಂಗಳದಲ್ಲಿ ಯಾರೂ ಇರಲಿಲ್ಲ. ನಡುವೆ ಒಂದು ತೆಂಗಿನಕಾಯಿ ಬಿದ್ದಿತ್ತು. ಗೇಟಿನಾಚೆ, ತಲೆಗೆ ಬೈರಾಸು ಸುತ್ತಿಕೊಂಡಿದ್ದ ಹೆಂಗಸೊಬ್ಬಳು ಓಡುವ ಹಾಗೆ ನಡೆದುಹೋಗುತ್ತಿದ್ದಳು. ಜಲಜಕ್ಕ.

ಆಗ ನೆನಪಾಯಿತು. ಹೋದ ವಾರ ಕುಂದಾಪುರದ ಅಂಗಡಿಯವರು ಬಂದು ಜಗಲಿಯ ಕಂಬಕ್ಕೆ ಕ್ಯಾಮೆರಾ ಕೂರಿಸಿ ಹೋಗಿದ್ದರು. ಭಾವನೇ ಮುಂಬಯಿಯಿಂದ ಹೇಳಿ ಮಾಡಿಸಿದ್ದು. ಅಲ್ಲಿ ಮೊಬೈಲಿನಲ್ಲಿ ನೋಡಬಹುದು, ಇಲ್ಲಿಯವರ ಜೊತೆ ಮಾತನ್ನೂ ಆಡಬಹುದು ಎಂದಿದ್ದರು. ಮಾತಾಡುತ್ತದೆ ಎಂಬುದನ್ನು ಶರ್ಮಿಳಾ ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ.

ಒಳಗೆ ಫೋನು ಹೊಡೆದುಕೊಳ್ಳತೊಡಗಿತು.

"ಕಂಡ್ಯಾ ಶರ್ಮಿಳಾ? ಹಾಡ್ಹಗ್ಲೇ ಕಾಯಿ ಹೆಕ್ಕಂಡ್ ಹೋತಿದ್ಲ್! ನಾನ್ ಕಂಡದ್ದಕ್ಕೆ ಆಯ್ತ್."

"ಅದ್ ಹಾಂಗಲ್ಲ ಭಾವ, ಅವ್ರ್..."

"ಗಿರಾಕಿ ಬಂದ್ರ್, ಇಡ್ತೆ." ಫೋನು ಕಡಿದುಹೋಯಿತು.

ತಿರುಗಿ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಮದುವೆಯಾಗಿ ಬಂದಂದಿನಿಂದ ಭಾವನೆದುರು ಅವಳು ಒಪ್ಪಿಗೆಯ ಹೌದು, ಅಕ್ಕು ಎಂಬ ಎರಡು ಮಾತು ಬಿಟ್ಟು ಹೆಚ್ಚು ಆಡಿದವಳಲ್ಲ.

ಜಲಜಕ್ಕನ ಮನೆ ಹಿಂದುಗಡೆ ಹೊಳೆಬದಿಯಲ್ಲಿ. ಗೇರುಬೀಜದ ಫ್ಯಾಕ್ಟರಿಗೆ ಹೋಗುವ ಬಸ್ಸು ಹಿಡಿಯಬೇಕಾದರೆ ಈ ಅಂಗಳ ದಾಟಿದರೆ ಹತ್ತಿರ. ಇಲ್ಲವಾದರೆ ಗದ್ದೆಗಳನ್ನೆಲ್ಲ ಬಳಸಿ, ಹೊಸ ಮನೆಗಳ ಮುಂದಿನ ಕಾಂಕ್ರೀಟು ರಸ್ತೆಯಲ್ಲಿ ಸುತ್ತಿ ಹೋಗಬೇಕು. ಶರ್ಮಿಳಾ ಈ ಮನೆಗೆ ಕಾಲಿಡುವ ಮೊದಲಿಂದಲೂ ಅವಳ ದಾರಿ ಇದೇ. ದಾಟುವಾಗ ಎರಡು ಮಾತು, ಕೆಲವೊಮ್ಮೆ ನಿಂತಲ್ಲೇ ಒಂದು ಲೋಟ ಚಾ. ಕಾಯಿ ಬಿದ್ದದ್ದು ಕಂಡರೆ ಹೆಕ್ಕಿ ಜಗಲಿಯ ಮೆಟ್ಟಿಲ ಮೇಲೆ ಇಟ್ಟು ಹೋಗುವುದು. ಅತ್ತೆ ಹಾಸಿಗೆ ಹಿಡಿದಿದ್ದಾಗ ಅವರನ್ನು ಎತ್ತಿ ಕೂರಿಸುವುದಕ್ಕೆ ಕರೆಯದೆ ಬರುತ್ತಿದ್ದವಳು ಅವಳೊಬ್ಬಳೇ.

ಮರುದಿನ ಬೆಳಿಗ್ಗೆ ಶರ್ಮಿಳಾ ಚಾ ಮಾಡಿ ಜಗಲಿಯಲ್ಲಿ ಕಾದಳು. ಜಲಜಕ್ಕ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬಂದದ್ದು ಭಾವನ ಫೋನು.

"ಇವತ್ತ್ ಅಂಗ್ಳ ಗುಡ್ಸ್ಲಿಲ್ಯಾ? ಕಸ ಹಾಂಗೇ ಇತ್ತಲೆ."

ಇನ್ನೊಮ್ಮೆ, "ಸ್ಕೂಟರಗೆ ಬಂದದ್ ಯಾರ್?" ಮತ್ತೊಮ್ಮೆ, "ಆ ಮಾವಿನ ಮರ ಹೂ ಬಿಟ್ಟಿತ್ತಾ? ಮೂಲೆಗಿಪ್ಪುದ್ ಸಮ ಕಾಂತಿಲ್ಲೆ."

ಶರ್ಮಿಳಾಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು ಎಂಬಂತಾಯಿತು. ತಲೆ ಮಿಂದು ಬಿಸಿಲಿಗೆ ಕೂದಲು ಬಿಚ್ಚಿ ಕೂರುವುದನ್ನು ಬಿಟ್ಟಳು. ಜಗಲಿಯಲ್ಲಿ ಮೊರ ಹಿಡಿದರೆ ಕುತ್ತಿಗೆಯ ಹಿಂದೆ ಯಾರೋ ನಿಂತ ಹಾಗೆ. ಅಡುಗೆಮನೆಗೆ ಕ್ಯಾಮೆರಾ ಇಲ್ಲ, ಅವಳಿಗೆ ಗೊತ್ತು. ಅಲ್ಲಿಯೂ ಕೈ ತನ್ನಷ್ಟಕ್ಕೆ ಸೆರಗಿಗೆ ಹೋಗುತ್ತಿತ್ತು. ಹೇಳಿಕೊಳ್ಳೋಣವೆಂದರೆ ಬೆಳಗಿನ ಆ ಎರಡು ಮಾತೂ ಇಲ್ಲ. ಕೈ ಸುಮ್ಮನಿರದೆ ಮತ್ತೆ ಮತ್ತೆ ಮೊಬೈಲು ತೆಗೆಯುವಳು, ಇಡುವಳು.

ಹಾಗೆ ತೆಗೆದಾಗಲೇ ಊರಿನ ವಾಟ್ಸಾಪ್ ಗುಂಪಿನಲ್ಲಿ, ಶುಭೋದಯದ ಹೂವುಗಳ ಕೆಳಗೆ, ತನ್ನದೇ ಅಂಗಳ ಕಾಣಿಸಿತು. ಜಲಜಕ್ಕ ಬಗ್ಗುತ್ತಾಳೆ, ಕಾಯಿ ಎತ್ತುತ್ತಾಳೆ, ದನಿ ಕೇಳಿ ಬೆಚ್ಚಿ ಆಚೆ ಈಚೆ ನೋಡುತ್ತಾಳೆ. ಎಲ್ಲಿಂದ ಬಂತೆಂದು ತಿಳಿಯದೆ ಕಾಯಿ ಅಲ್ಲೇ ಬಿಟ್ಟು ಓಡುತ್ತಾಳೆ. ಯಾರೋ ಅದಕ್ಕೆ ಹಾಸ್ಯದ ಸಂಗೀತ ಸೇರಿಸಿದ್ದರು. ಕೆಳಗೆ 'ಕಾಯಿ ಕಳ್ಳಿ' ಎಂದು ಬರೆದು ನಗುವ ಮುಖಗಳ ಸಾಲು. ಭಾವ ಮನೆಯವರ ಗುಂಪಿಗೆ ಮಾತ್ರ ಹಾಕಿದ್ದರಂತೆ. ಅವರ ಸೋದರಳಿಯ ಮಿಥುನ್ ಅಲ್ಲಿಂದ ಆಚೆ ದಾಟಿಸಿದ್ದ.

ತೆಕ್ಕಟ್ಟೆಯ ಅಂಗಡಿಯಲ್ಲಿದ್ದ ಗಂಡ ಪ್ರೇಮಾನಂದನಿಗೆ ಫೋನು ಹಚ್ಚಿದಳು. ಅವನೂ ನೋಡಿದ್ದ.

"ಅಣ್ಣಯ್ಯಂಗ್ ನಾನ್ ಹ್ಯಾಂಗ್ ಹೇಳುದ್? ಮನಿ ರಿಪೇರಿ ಎಲ್ಲಾ ಮಾಡ್ಸಿದ್ದ್ ಅವ್ರೇ ಅಲ್ದಾ. ನಾಕ್ ದಿನ ಆರೆ ಎಲ್ರೂ ಮರಿತ್ರ್, ಸುಮ್ನಿರ್."

ಸುಮ್ಮನಿರುವುದು ಆಗಲಿಲ್ಲ. ಭಾನುವಾರ ಫ್ಯಾಕ್ಟರಿಗೆ ರಜೆ. ಶರ್ಮಿಳಾ ಹೊಳೆಬದಿಗೆ ಇಳಿದು ಹೋದಳು. ಜಲಜಕ್ಕ ಬಾಗಿಲೆದುರು ಹುಣಸೆಹುಳಿ ಬಿಡಿಸುತ್ತಿದ್ದಳು. ಎದ್ದು ಮಣೆ ಕೊಟ್ಟಳು. ನಗಲಿಲ್ಲ.

"ಕೂಕಣಿ ಶರ್ಮಿಳಮ್ಮ."

"ಜಲಜಕ್ಕ, ಅದ್ ಭಾವಂಗೆ ಗೊತ್ತಾಗ್ದೆ ಆದದ್ದ್. ನೀವ್ ಮುಂಚಿನ ಹಾಂಗೇ ಬನಿ."

"ಅಕ್ಕು, ಕಾಂಬ." ಜಲಜಕ್ಕ ಬೀಜ ತೆಗೆಯುತ್ತ ಹೇಳಿದಳು. "ಫ್ಯಾಕ್ಟ್ರಿಯಗೆ ಬುತ್ತಿ ಚೀಲ ಕೆಳ್ಗಿಟ್ರೆ, ಒಳ್ಗೆ ಕಾಯಿ ಇತ್ತಾ ಕೇಂತ್ರ್. ಬಸ್ಸಗೆ ಯಾರೋ ಗುರ್ತ ಇಲ್ದಿಪ್ಪರೂ ನನ್ನ ಮೋರೆ ಕಂಡ್ ನಗಾಡ್ತ್ರ್. ಅವ್ರಿಗೆ ನಾನ್ ಯಾರಂದ್ ಗೊತ್ತಿಲ್ಲೆ, ನಗಾಡ್ಲಿ." ಕೈ ನಿಂತಿತು. "ನಿಮ್ಗ್ ಗೊತ್ತಿದ್ದಿತ್ ಅಲ್ದಾ? ಆ ಗುಂಪಗೆ ನೀವೂ ಇದ್ರಿ ಅಂಬ್ರ್. ಒಂದ್ ಮಾತ್ ಹೇಳ್ಲಿಲ್ಲೆ."

ಶರ್ಮಿಳಾ ಮಣೆಯಿಂದ ಎದ್ದು ಹೊರಟಳು. ಏರು ಹತ್ತಿ ಅಂಗಳಕ್ಕೆ ಬರುವಾಗ ಏದುಸಿರು. ಫೋನು ತರಲು ಒಳಗೆ ಹೋದರೆ ಧೈರ್ಯ ಇಳಿದುಹೋದೀತೆಂದು ಅಂಗಳದಲ್ಲೇ ನಿಂತು, ಕಂಬದ ಕಡೆ ತಲೆಯೆತ್ತಿ ಕೂಗಿದಳು.

"ಭಾವ! ಇದ್ರಿಯಾ? ಭಾವ!"

ಮತ್ತೂ ಕೂಗಿದಳು. ಕಡೆಗೆ ಕಂಬದಲ್ಲಿ ಗೊರಗೊರ ಸದ್ದಾಯಿತು.

"ಎಂತ ಆಯ್ತ್ ಶರ್ಮಿಳಾ? ಫೋನ್ ಇಲ್ಯಾ?"

"ಆವತ್ತ್ ನೀವ್ ಬೊಬ್ಬೆ ಹೊಡದ್ದ್ ಜಲಜಕ್ಕಂಗೆ. ಅವ್ರ್ ಕದ್ಕಂಡ್ ಹೋಪರಲ್ಲ. ಬಿದ್ದ ಕಾಯಿ ಹೆಕ್ಕಿ ನಮ್ಮ ಮೆಟ್ಲ ಮೇಲೇ ಇಡುದ್. ನಂಗ್ ಗೊತ್ತಿದ್ದೂ ನಾನ್ ಹೇಳ್ಲಿಲ್ಲೆ. ಈಗಳ್ ಊರಿಡೀ ಅವ್ರನ್ ಕಳ್ಳಿ ಅಂತಿತ್ತ್."

"ಯಾವ ಜಲಜ?"

"ಹೊಳಿಬದಿ ಜಲಜಕ್ಕ. ದೋಣಿ ದಾಟ್ಸ್ತಿದ್ದ ಗುಡ್ಡನ ಮಗ್ಳ್."

ಕಂಬದ ದನಿಯ ದಾರಿ ತೆರೆದೇ ಇತ್ತು. ಹೋಟೆಲಿನ ಕಪ್ಪು ಬಸಿಗಳು ಒಂದಕ್ಕೊಂದು ತಾಗುವ ಸದ್ದು, ದೂರದಲ್ಲಿ ಯಾರೋ "ದೋ ಚಾಯ್" ಎಂದು ಕೂಗಿದ್ದು, ರಿಕ್ಷಾದ ಹಾರನ್ನು, ಎಲ್ಲವೂ ಗುಲ್ವಾಡಿಯ ಆ ಅಂಗಳದಲ್ಲಿ ಕೇಳಿಸಿತು.

"ನಾವ್ ಶಾಲಿಗ್ ಹೋದ್ದ್ ಒಂದೇ ದೋಣಿಯಗೆ ಮಾರಾಯ್ತಿ." ಭಾವನ ದನಿ ಇಳಿದಿತ್ತು. "ನಾನ್ ನೀರಿಗ್ ಬಿದ್ದಾಗ ಕೂದ್ಲ್ ಹಿಡ್ದ್ ಎಳದ್ದ್ ಅವ್ಳೇ. ಮೇಲಿಂದ ಕಂಡ್ರೆ ತಲಿ ಒಂದೇ ಕಾಂತಿತ್ತ್. ನಂಗ್ ಗುರ್ತ ಸಿಕ್ಲಿಲ್ಲೆ."

"ಗುರ್ತ ಸಿಕ್ದಿರೆ ಕೇಂಬುಕ್ ಆಗ್ದಾ ಭಾವ? ನಾನ್ ಇಲ್ಲೇ ಇದ್ದಿದ್ನಲೆ. ಈ ಕ್ಯಾಮೆರಾ ನಂಗ್ ಬ್ಯಾಡ. ತೆಗ್ಸ್ತೆ."

"ತೆಗ್ದ್ರೆ ನಂಗ್ ಅಂಗ್ಳ ಕಾಂತಿಲ್ಲೆ," ಎಂದರು ಭಾವ, ಮಗುವಿನ ಹಾಗೆ. "ಕೌಂಟರಗೆ ಕೂಕಂಡ್ ಇಡೀ ದಿನ ಅದನ್ನೇ ಕಾಂತಿರ್ತೆ. ನೀನ್ ಗುಡ್ಸುದ್, ಬೆಕ್ಕ್ ಹೋಪುದ್, ಎಲ್ಲಾ. ಇಲ್ಲ್ ನನ್ನತ್ರ ಮಾತಾಡುಕ್ ಯಾರಿದ್ರ್?"

ಶರ್ಮಿಳಾಳ ಸಿಟ್ಟು ಅರ್ಧಕ್ಕೇ ನಿಂತಿತು. ಬೈಗುಳಕ್ಕೆ ಅವಳು ತಯಾರಾಗಿದ್ದಳು, ಇದಕ್ಕಲ್ಲ.

"ಕಾಂಬ ಆಸೆ ಆರೆ ಬನಿ ಭಾವ," ಎಂದಳು ಕಡೆಗೆ. "ಬಂದ್ ಈ ಜಗಲಿ ಮೇಲ್ ಕೂಕಣಿ. ಹೋಪರ್ ಬಪ್ಪರೆಲ್ಲಾ ಮಾತಾಡ್ಸ್ತ್ರ್. ಮೇಲಿಂದ ಕಾಂಬುದ್ ಬ್ಯಾಡ."

ಆ ದಿನವೇ ಶರ್ಮಿಳಾ ಊರಿನ ಗುಂಪಿನಲ್ಲಿ ಮೊದಲ ಬಾರಿ ತನ್ನ ದನಿ ಮುದ್ರಿಸಿ ಹಾಕಿದಳು. ನಡುವೆ ಕೆಮ್ಮು. ಜಲಜಕ್ಕ ಕದ್ದವರಲ್ಲ, ತಪ್ಪು ನಮ್ಮ ಮನೆಯದು, ನಾನೂ ಬಾಯಿ ಮುಚ್ಚಿಕೊಂಡಿದ್ದೆ ಎಂದಳು. ಸ್ವಲ್ಪ ಹೊತ್ತಿನಲ್ಲಿ ಭಾವನದೂ ಬಂತು. ಕೆಲವರು ಹೆಬ್ಬೆರಳು ಎತ್ತಿದರು, ಕೆಲವರು ಕೈಮುಗಿದರು. ಮಿಥುನ್ ತನ್ನದನ್ನು ಅಳಿಸಿದ. ಆದರೆ ಸಂಗೀತ ಸೇರಿಸಿದ ತುಂಡು ಅಷ್ಟರಲ್ಲಿ ಬೈಂದೂರು, ಬ್ರಹ್ಮಾವರದ ಗುಂಪುಗಳನ್ನೆಲ್ಲ ಸುತ್ತುತ್ತಿತ್ತು. ಅದನ್ನು ಹಿಂದಕ್ಕೆ ಕರೆಯುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಪ್ರೇಮಾನಂದ ಹೆಂಡತಿಯ ಮುಖ ನೋಡಿ, ಏಣಿ ತಂದು ಕ್ಯಾಮೆರಾ ಬಿಚ್ಚಿದ.

ಜಲಜಕ್ಕ ಮಾತ್ರ ಅಂಗಳಕ್ಕೆ ಬರಲಿಲ್ಲ. ಶರ್ಮಿಳಾ ಕೆಲವು ದಿನ ಕಾದಳು. ಒಂದು ಬೆಳಿಗ್ಗೆ ಒಲೆಯ ಮೇಲಿನ ಹಾಲು ಇಳಿಸಿ, ಚಪ್ಪಲಿ ಮೆಟ್ಟಿ, ಕಾಂಕ್ರೀಟು ರಸ್ತೆ ತಿರುಗುವ ಕಡೆ ಹೋಗಿ ನಿಂತಳು. ಮಂಜಿನಲ್ಲಿ ಬೈರಾಸು ಸುತ್ತಿದ ತಲೆ ಕಾಣಿಸಿತು. ಜಲಜಕ್ಕ ಅವಳನ್ನು ನೋಡಿ ಒಂದು ಗಳಿಗೆ ನಿಂತು, ಮತ್ತೆ ನಡೆದಳು. ಶರ್ಮಿಳಾ ಪಕ್ಕಕ್ಕೆ ಸೇರಿಕೊಂಡಳು. ಇಬ್ಬರೂ ಹೊಸ ಮನೆಗಳ ಸಾಲು ದಾಟಿದರು.

"ನಿಮ್ಮ ಭಾವ ಫೋನ್ ಮಾಡಿದ್ರ್," ಎಂದಳು ಜಲಜಕ್ಕ ತಾನಾಗಿ.

"ಎಂತ ಅಂದ್ರ್?"

"ಎಂತ ಇಲ್ಲೆ. ಮರ್ಕಿದ್ರ್. ಅಷ್ಟ್ ದೊಡ್ಡ ಗಂಡ್ಸ್, ಫೋನಗೆ ಅತ್ರೆ ನಾನ್ ಎಂತ ಹೇಳುದ್? ಊಟ ಆಯ್ತಾ ಅಂದ್ ಕೇಂಡೆ."

ಬಸ್ಸಿನ ಹಾರನ್ನು ಕೇಳಿಸಿತು. ಜಲಜಕ್ಕ ಬುತ್ತಿ ಚೀಲ ಎದೆಗವಚಿಕೊಂಡು ದಾಪುಗಾಲು ಹಾಕಿದಳು. ಮೆಟ್ಟಿಲೇರಿ, ಒಳಗಿನ ಮುಖಗಳನ್ನೊಮ್ಮೆ ನೋಡಿ, ಬಾಗಿಲ ಹತ್ತಿರವೇ ಕಂಬಿ ಹಿಡಿದು ನಿಂತಳು. ಶರ್ಮಿಳಾಳ ಕಡೆ ಕೈ ಬೀಸಲಿಲ್ಲ. ಆದರೆ ಬಸ್ಸು ತಿರುವು ದಾಟುವವರೆಗೂ ಇತ್ತಲೇ ನೋಡುತ್ತಿದ್ದಳು.

ಮರುದಿನ ಶರ್ಮಿಳಾ ಇನ್ನೂ ಸ್ವಲ್ಪ ಬೇಗ ಕಾಂಕ್ರೀಟು ರಸ್ತೆಯ ಕಡೆ ಹೊರಟಳು.